ಡಾಂಬರು ಜಿನುಗುವ ನೆಲಕ್ಕೆ ಹಡಗಿನಲ್ಲಿ ಬರುವ ಡಾಂಬರು

ನೈಜೀರಿಯಾದ ಒಂಡೊ ರಾಜ್ಯದ ಅಗ್ಬಾಬು ಸುತ್ತಮುತ್ತ ನೆಲದಿಂದ ಡಾಂಬರು ತಾನಾಗಿ ಜಿನುಗುತ್ತದೆ. ಆದರೆ ದಶಕಗಳಿಂದ ಆ ದೇಶದ ರಸ್ತೆಗಳಿಗೆ ಬಿದ್ದ ಡಾಂಬರಿನಲ್ಲಿ ಬಹುಪಾಲು ಹಡಗಿನಲ್ಲಿ ಬಂದದ್ದು. ಸ್ಥಳೀಯ ಸಾಮಗ್ರಿ, ಸ್ಥಳೀಯ ಗುತ್ತಿಗೆದಾರ, ಸ್ಥಳೀಯ ಎಂಜಿನಿಯರ್‌ಗೆ ಮೊದಲ ಮಣೆ ಎಂಬ ಮಾತು ಅಲ್ಲಿ ಅರ್ಧ ಶತಮಾನದಷ್ಟು ಹಳೆಯದು. ಕಟ್ಟಡ ಮತ್ತು ರಸ್ತೆ ಕಾಮಗಾರಿಯಲ್ಲಿ ಅದು ಯಾಕೆ ನೆಲಕ್ಕಿಳಿಯಲಿಲ್ಲ?

ಜರ್ಮನಿಯ ಜೂಲಿಯಸ್ ಬರ್ಗರ್ ಕಂಪನಿ 1965ರಲ್ಲಿ ಲಾಗೋಸ್‌ನ ಎಕೊ ಸೇತುವೆ ಕಟ್ಟಲು ಬಂದು ಅಲ್ಲೇ ನೆಲೆಯೂರಿತು. ತೈಲದ ಹಣ ಹರಿದುಬಂದಾಗ ದೊಡ್ಡ ಕಾಮಗಾರಿಗಳೆಲ್ಲ ಇಂಥ ಕಂಪನಿಗಳ ಪಾಲಾದವು. 1972ರಲ್ಲಿ ಸೇನಾ ಸರ್ಕಾರ ವಿದೇಶಿ ಉದ್ಯಮಗಳ ಒಡೆತನವನ್ನು ಸ್ಥಳೀಯರಿಗೆ ಕೊಡಿಸುವ ದೇಶೀಕರಣದ ಆಜ್ಞೆ ಹೊರಡಿಸಿತು, 1977ರಲ್ಲಿ ಬಿಗಿಗೊಳಿಸಿತು. ಕಾಗದದ ಮೇಲೆ ಮಾಲೀಕರು ಬದಲಾದರು. ಎಷ್ಟೋ ಕಡೆ ಹೆಸರು ಸ್ಥಳೀಯರದು, ಲಗಾಮು ಹಳಬರದು. 1995ರ ಹೂಡಿಕೆ ಕಾಯ್ದೆ ಆ ಆಜ್ಞೆಯನ್ನೇ ತೆಗೆದುಹಾಕಿತು.

ಮುಂದಿನ ದೊಡ್ಡ ಹೆಜ್ಜೆ ಸ್ಥಳೀಯರಿಗೆ ಆದ್ಯತೆ ಕೊಡುವ 2010ರ ಕಾಯ್ದೆ. ಅದು ತೈಲ ಮತ್ತು ಅನಿಲಕ್ಕೆ ಮಾತ್ರ. ಅಲ್ಲಿ ನಿಗಾ ಇಡಲು ಪ್ರತ್ಯೇಕ ಮಂಡಳಿ ಇದೆ; ಪ್ರತಿ ಗುತ್ತಿಗೆಯಿಂದ ಶೇ 1ರಷ್ಟು ಹಣ ಕಡಿತವಾಗಿ ಸ್ಥಳೀಯ ಸಾಮರ್ಥ್ಯ ಬೆಳೆಸುವ ನಿಧಿಗೆ ಸೇರುತ್ತದೆ. ನಿರ್ಮಾಣ ಕ್ಷೇತ್ರಕ್ಕೆ ಸಿಕ್ಕಿದ್ದು 2017 ಮತ್ತು 2018ರ ಕಾರ್ಯಾಂಗ ಆದೇಶಗಳು. ಇಲಾಖೆಗಳು ದೇಶೀಯ ಸಂಸ್ಥೆಗಳಿಗೆ ಆದ್ಯತೆ ಕೊಡಬೇಕು, ಸ್ಥಳೀಯವಾಗಿ ಸಿಗುವ ಕೌಶಲಕ್ಕೆ ವಿದೇಶಿಯರಿಗೆ ವೀಸಾ ಕೊಡಬಾರದು ಎಂದು ಅವು ಹೇಳಿದವು. ಆದರೆ ತೈಲಕ್ಕಿರುವಂತೆ ಕಾಯ್ದೆಯಿಂದ ಹುಟ್ಟಿದ ಮಂಡಳಿಯಾಗಲಿ ನಿಧಿಯಾಗಲಿ ಜೊತೆಗೆ ಬರಲಿಲ್ಲ.

ನಿಜವಾದ ತೊಡಕು ಟೆಂಡರ್ ಪತ್ರದೊಳಗಿದೆ. 2007ರ ಸಾರ್ವಜನಿಕ ಖರೀದಿ ಕಾಯ್ದೆ ದೇಶೀಯ ಬಿಡ್‌ದಾರರಿಗೆ ದರದಲ್ಲಿ ರಿಯಾಯಿತಿ ಕೊಡಲು ಅವಕಾಶ ಮಾಡಿದೆ. ಆದರೆ ದರದ ಲಕೋಟೆ ಒಡೆಯುವ ಮೊದಲೇ ಅರ್ಹತೆಯ ಪರೀಕ್ಷೆ ನಡೆಯುತ್ತದೆ: ವಾರ್ಷಿಕ ವಹಿವಾಟು, ಇಂಥದ್ದೇ ಕಾಮಗಾರಿ ಮುಗಿಸಿದ ದಾಖಲೆ, ಸ್ವಂತ ಯಂತ್ರಗಳು, ಬ್ಯಾಂಕ್ ಗ್ಯಾರಂಟಿ. ದೊಡ್ಡ ಸೇತುವೆ ಕಟ್ಟದವನಿಗೆ ದೊಡ್ಡ ಸೇತುವೆ ಸಿಗುವುದಿಲ್ಲ, ಸಿಗದೆ ಕಟ್ಟಲಾಗುವುದಿಲ್ಲ. ಹೊಸ್ತಿಲಲ್ಲೇ ಹೊರಗುಳಿದವನಿಗೆ ಒಳಗಿನ ರಿಯಾಯಿತಿ ಯಾವ ಪ್ರಯೋಜನಕ್ಕೂ ಬಾರದು. ಅವನ ಪಾಲಿಗೆ ಉಳಿಯುವುದು ಚರಂಡಿ ತೋಡುವ, ಮರಳು ಜಲ್ಲಿ ಹೊಡೆಸುವ ಉಪಗುತ್ತಿಗೆ. ಅದರಿಂದ ಅವನ ದಾಖಲೆ ಬೆಳೆಯುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ.

ಹೇಗೋ ಗುತ್ತಿಗೆ ಸಿಕ್ಕರೂ ಹಣದ ಸಂಕಟ ತಪ್ಪದು. ಸರ್ಕಾರದ ಬಿಲ್ಲು ತಿಂಗಳುಗಟ್ಟಲೆ ಬಾಕಿ. ಸಾಲ ತರೋಣವೆಂದರೆ 2024ರ ನವೆಂಬರ್‌ನಲ್ಲಿ ಕೇಂದ್ರೀಯ ಬ್ಯಾಂಕಿನ ಮೂಲ ಬಡ್ಡಿದರವೇ ಶೇ 27.5ಕ್ಕೆ ಏರಿತ್ತು. ತಾಯ್ನಾಡಿನ ಬ್ಯಾಂಕಿನಿಂದ ಅಗ್ಗದ ಸಾಲ ಪಡೆಯುವ ವಿದೇಶಿ ಕಂಪನಿಯ ಎದುರು ಇವನು ಹೇಗೆ ನಿಂತಾನು? ಇನ್ನು ಯೋಜನೆಯೇ ವಿದೇಶಿ ಸಾಲದ್ದಾದರೆ ಶರತ್ತು ಸಾಲದ ಜೊತೆಗೇ ಬರುತ್ತದೆ. 2021ರಲ್ಲಿ ಸಂಚಾರ ಆರಂಭಿಸಿದ ಲಾಗೋಸ್–ಇಬಾದಾನ್ ರೈಲುಮಾರ್ಗಕ್ಕೆ ಸಾಲ ಚೀನಾದ ಎಕ್ಸಿಮ್ ಬ್ಯಾಂಕಿನದು, ಕಟ್ಟಿದ್ದೂ ಚೀನಾದ ಕಂಪನಿ.

ಸಿಮೆಂಟಿನ ಕಥೆ ಬೇರೆ. 2002ರ ಸುಮಾರಿಗೆ ಸರ್ಕಾರ ಆಮದು ಪರವಾನಗಿಯನ್ನು ದೇಶದೊಳಗೆ ಕಾರ್ಖಾನೆ ಕಟ್ಟುವ ಬದ್ಧತೆಗೆ ಗಂಟು ಹಾಕಿತು. ಒಬಜಾನದಂಥ ಬೃಹತ್ ಘಟಕಗಳು ಎದ್ದವು, ಆಮದು ಕರಗಿತು. ಮಾರುಕಟ್ಟೆ ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿದೆ, ಬೆಲೆಯ ಬಗ್ಗೆ ಜನರ ದೂರೂ ಇದೆ. ಆದರೂ ಚೀಲ ಈಗ ಬಂದರಿನಿಂದಲ್ಲ, ಕಾರ್ಖಾನೆಯಿಂದ ಬರುತ್ತದೆ. ಡಾಂಬರಿಗೆ ಅಂಥ ಗಂಟನ್ನು ಯಾರೂ ಹಾಕಲಿಲ್ಲ.