ಪದ ಪರಿಚಯ: ಟ್ಯಾಂಗ್, ಅಂದರೆ ಹಿಡಿಯೊಳಗಿನ ಉಕ್ಕು

ಹಳೆಯ ಬೇಟೆ ಚಾಕುಗಳನ್ನು ಕೂಡಿಡುವವರು ಒಂದೆಡೆ ಸೇರಿದರೆ ಸಾಕು, ಈ ಪದ ಬಂದೇ ಬರುತ್ತದೆ. "ಫುಲ್ ಟ್ಯಾಂಗಾ?" ಅಂತ ಒಬ್ಬರು ಕೇಳುತ್ತಾರೆ. ಹೌದು ಅಂದರೆ ಚಾಕು ಗಟ್ಟಿ. ಇಲ್ಲ ಅಂದರೆ ಕಳಪೆ ಮಾಲು. ಅಲ್ಲಿಗೆ ತೀರ್ಮಾನ ಮುಗಿಯಿತು. ನನ್ನ ಪ್ರಕಾರ ಈ ತೀರ್ಮಾನ ಅರ್ಧ ಮಾತ್ರ ಸರಿ.

ಮೊದಲು ಪದದ ಅರ್ಥ. ಮಡಚುವ ಚಾಕುವಿನಲ್ಲಿ ಅಲಗು ಒಂದು ಕೀಲಿನ ಮೇಲೆ ತಿರುಗುತ್ತದೆ. ಮಡಚದ ಚಾಕುವಿಗೆ, ಅಂದರೆ ಫಿಕ್ಸೆಡ್ ಬ್ಲೇಡ್‌ಗೆ, ಕೀಲೇ ಇಲ್ಲ. ಅಲಗಿನ ಉಕ್ಕು ಹಾಗೇ ಹಿಂದಕ್ಕೆ ಮುಂದುವರಿದು ಹಿಡಿಯೊಳಗೆ ಸೇರುತ್ತದೆ. ಒಳಗೆ ಸೇರಿದ ಆ ಭಾಗಕ್ಕೆ ಟ್ಯಾಂಗ್ ಅನ್ನುತ್ತಾರೆ. ಅದಕ್ಕೆ ಹರಿತವೂ ಇಲ್ಲ, ಹೊಳಪೂ ಇಲ್ಲ. ಎಷ್ಟೋ ಚಾಕುಗಳಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ.

ಫುಲ್ ಟ್ಯಾಂಗ್ ಅಂದರೆ ಉಕ್ಕಿನ ತಗಡೇ ಹಿಡಿಯ ಆಕಾರದಲ್ಲಿ, ಹಿಡಿಯಷ್ಟೇ ಉದ್ದ ಮತ್ತು ಅಗಲಕ್ಕೆ ಇರುವುದು. ಎರಡೂ ಬದಿಗೆ ಮರದ ಅಥವಾ ಕೊಂಬಿನ ಹಲಗೆ ಕೂರಿಸಿ, ಅಡ್ಡಕ್ಕೆ ಪಿನ್ ಹೊಡೆದಿರುತ್ತಾರೆ. ಹಿಡಿಯ ಬೆನ್ನು ನೋಡಿದರೆ ಎರಡು ಹಲಗೆಗಳ ನಡುವೆ ಉಕ್ಕಿನ ಗೆರೆ ಕಾಣುತ್ತದೆ. ಸ್ಟಿಕ್ ಟ್ಯಾಂಗ್ ಅಂದರೆ ಅಲಗು ಹಿಡಿ ಸೇರುವ ಕಡೆ ಒಮ್ಮೆಲೇ ಸಪೂರವಾಗಿ ಕಡ್ಡಿಯಂತಾಗುವುದು. ಇಡೀ ಹಿಡಿಗೆ ತೂತು ಕೊರೆದು, ಆ ಕಡ್ಡಿಯನ್ನು ಒಳಗೆ ತೂರಿಸಿ, ಅಂಟು ಹಾಕುತ್ತಾರೆ. ಕಡ್ಡಿ ಹಿಡಿಯ ಹಿಂಬದಿಯಿಂದ ಹೊರಗೆ ಬಂದು, ಅಲ್ಲಿ ಅದರ ತುದಿಯನ್ನು ಬಡಿದು ಚಪ್ಪಟೆ ಮಾಡಿದ್ದರೆ ಅಥವಾ ನಟ್ ಹಾಕಿ ಬಿಗಿದಿದ್ದರೆ ಅದು ಥ್ರೂ ಟ್ಯಾಂಗ್. ಇನ್ನು ಹಿಡಿಯ ಅರ್ಧಕ್ಕೇ ನಿಂತುಬಿಡುವ ಹಾಫ್ ಟ್ಯಾಂಗ್ ಇದೆ. ಅಡುಗೆಮನೆಯ ಸಣ್ಣ ಚಾಕುವಿಗೆ ಅದು ಸಾಕು, ಕಾಡಿಗೆ ಒಯ್ಯುವುದಕ್ಕಲ್ಲ.

ನೇಪಾಳದ ಖುಕುರಿಯಲ್ಲಿ ಎರಡೂ ಬಗೆ ಇವೆ. ಸಪೂರ ಟ್ಯಾಂಗ್ ಇರುವ ಖುಕುರಿಯನ್ನು ಲಾಹಾ ಎಂಬ ಅರಗಿನಂಥ ಅಂಟಿನಿಂದ ಹಿಡಿಗೆ ಕೂರಿಸುತ್ತಾರೆ. ಅಗಲ ಟ್ಯಾಂಗ್ ಇರುವುದಕ್ಕೆ ಪಾನಾವಲ್ ಅಂತ ಬೇರೆಯೇ ಹೆಸರು. ಒಂದೇ ಊರಿನ ಕಮ್ಮಾರರು ಎರಡನ್ನೂ ಮಾಡುತ್ತಾರೆ. ಒಂದು ಹೆಚ್ಚು ಇನ್ನೊಂದು ಕಮ್ಮಿ ಅನ್ನುವ ಜಗಳ ಅಲ್ಲಿ ಇದ್ದಂತಿಲ್ಲ.

ಈಗ ಜಗಳದ ವಿಷಯಕ್ಕೆ ಬರೋಣ. ಸಪೂರ ಟ್ಯಾಂಗ್ ದುರ್ಬಲ ಅನ್ನುವವರು ಒಮ್ಮೆ ಹಳೆಯ ಅಮೆರಿಕನ್ ಬೇಟೆ ಚಾಕುಗಳ ಸಾಲು ನೋಡಬೇಕು. ಮಿಚಿಗನ್‌ನ ಗ್ಲ್ಯಾಡ್‌ಸ್ಟೋನ್‌ನಲ್ಲಿ ವೆಬ್‌ಸ್ಟರ್ ಮಾರ್ಬಲ್ ಕಂಪನಿ ಮಾಡಿದ ಐಡಿಯಲ್ ಚಾಕು 20ನೇ ಶತಮಾನದ ಶುರುವಿನ ಬೇಟೆಗಾರರ ಸೊಂಟದಲ್ಲಿ ಇರುತ್ತಿತ್ತು. ಅದರ ಹಿಡಿ ಚರ್ಮದ್ದು. ದುಂಡಗೆ ಕತ್ತರಿಸಿದ ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಟ್ಯಾಂಗಿಗೆ ಪೋಣಿಸಿ, ಹಿಂದಿನಿಂದ ಒತ್ತಿ ಬಿಗಿದು, ಆಮೇಲೆ ಉಜ್ಜಿ ಆಕಾರ ಕೊಟ್ಟದ್ದು. ಕಡ್ಡಿಯಂಥ ಟ್ಯಾಂಗ್ ಇಲ್ಲದೆ ಇಂಥ ಹಿಡಿ ಮಾಡಲು ಆಗುವುದೇ ಇಲ್ಲ. ಫ್ಲಾರಿಡಾದ ಬೋ ರ‍್ಯಾಂಡಲ್ ಅವರ ಚಾಕುಗಳಲ್ಲೂ ಇದೇ ಕಟ್ಟು ಪ್ರಸಿದ್ಧ. 1942ರಲ್ಲಿ ಅಮೆರಿಕದ ಮರೀನ್ ಸೇನೆ ಆರಿಸಿಕೊಂಡ, ಕಾ-ಬಾರ್ ಅಂತ ಎಲ್ಲರೂ ಕರೆಯುವ ಚಾಕು ಕೂಡ ಹೀಗೇ. ಒಂದು ಮಹಾಯುದ್ಧ ದಾಟಿ ಬಂದ ಕಟ್ಟನ್ನು ಸುಮ್ನೆ ಕಳಪೆ ಅಂದುಬಿಡುವುದು ಹೇಗೆ?

ಫಿನ್‌ಲ್ಯಾಂಡಿನ ಪುಕ್ಕೊ ಇನ್ನೊಂದು ಉದಾಹರಣೆ. ಸಣ್ಣ ಅಲಗು, ಬರ್ಚ್ ಮರದ ಅಥವಾ ಬರ್ಚ್ ತೊಗಟೆಯ ಹಿಡಿ, ಒಳಗೆ ಸಪೂರ ಟ್ಯಾಂಗ್. ಅಲ್ಲಿನ ಚಳಿಯಲ್ಲಿ ಬರಿಗೈಗೆ ಉಕ್ಕು ತಾಗಿದರೆ ಹಿಡಿದುಕೊಳ್ಳುವುದೇ ಕಷ್ಟ. ಸುತ್ತಲೂ ಮರವೇ ಇದ್ದರೆ ಆ ಕಾಟ ಇಲ್ಲ. ಚಾಕು ಹಗುರವಾಗಿಯೂ ಇರುತ್ತದೆ. ಸ್ವೀಡನ್ನಿನ ಮೋರಾದಿಂದ ಬರುವ ಕೆಂಪು ಮರದ ಹಿಡಿಯ ಚಾಕುಗಳೂ ಇದೇ ಮನೆತನದವು.

ಹಾಗಾದರೆ ಚಾಕು ಮುರಿಯುವುದು ಎಲ್ಲಿ? ಬಹುಪಾಲು ಅಲಗು ಮುಗಿದು ಟ್ಯಾಂಗ್ ಶುರುವಾಗುವ ಭುಜದಲ್ಲಿ. ಅಗಲದ ಉಕ್ಕು ಅಲ್ಲಿ ಒಮ್ಮೆಲೇ ಕಿರಿದಾಗುತ್ತದೆ. ಆ ಒಳಮೂಲೆಯನ್ನು ಚೂಪಾದ ಲಂಬ ಕೋನದಲ್ಲಿ ಕೊರೆದಿದ್ದರೆ ಒತ್ತಡವೆಲ್ಲ ಅದೇ ಬಿಂದುವಿಗೆ ಬಂದು ಕೂರುತ್ತದೆ. ಬಟ್ಟೆಯ ಅಂಚಿಗೆ ಕತ್ತರಿಯಲ್ಲಿ ಸಣ್ಣದೊಂದು ಕಚ್ಚು ಹಾಕಿದರೆ ಅಲ್ಲಿಂದಲೇ ಪರ್ರನೆ ಹರಿಯುತ್ತದಲ್ಲ, ಹಾಗೆ. ಅದೇ ಮೂಲೆಯನ್ನು ಸ್ವಲ್ಪ ದುಂಡಗೆ ಉಜ್ಜಿದ್ದರೆ ಒತ್ತಡ ಹಂಚಿಹೋಗುತ್ತದೆ. ನುರಿತ ಕಮ್ಮಾರ ಈ ದುಂಡನ್ನು ಬಿಡುವುದೇ ಇಲ್ಲ. ಕಾರ್ಖಾನೆಯ ಅಗ್ಗದ ಮಾಲಿನಲ್ಲಿ ಮೊದಲು ತಪ್ಪಿಹೋಗುವುದೂ ಇದೇ.

ಎರಡನೆಯದು ಉಕ್ಕಿನ ಹದ. ಬೇಟೆ ಚಾಕುವಿನ ಅಲಗು ಸಾಮಾನ್ಯವಾಗಿ ರಾಕ್‌ವೆಲ್ ಅಳತೆಯಲ್ಲಿ 56ರಿಂದ 60ರ ಸುತ್ತ ಗಟ್ಟಿ ಇರುತ್ತದೆ. ಅಷ್ಟು ಗಟ್ಟಿಯಾದ ಉಕ್ಕು ಹರಿತ ಉಳಿಸಿಕೊಳ್ಳುತ್ತದೆ, ಆದರೆ ಜೋರಾಗಿ ಬಗ್ಗಿಸಿದರೆ ಬಾಗುವ ಬದಲು ಮುರಿಯಬಹುದು. ಹಳೆಯ ಕಮ್ಮಾರರು ಕಾದ ಚಾಕುವಿನ ಅಲಗನ್ನು ಮಾತ್ರ ಎಣ್ಣೆಗೆ ಅದ್ದುತ್ತಿದ್ದರು. ಟ್ಯಾಂಗ್ ಹೊರಗೇ ಉಳಿದು ಮೆತ್ತಗಿರುತ್ತಿತ್ತು. ಏಟು ಬಿದ್ದರೆ ಬಾಗುತ್ತಿತ್ತೇ ಹೊರತು ತುಂಡಾಗುತ್ತಿರಲಿಲ್ಲ. ಇಡೀ ಚಾಕುವನ್ನು ಕುಲುಮೆಗೆ ಹಾಕಿ ಒಂದೇ ಹದ ಕೊಡುವ ಕಡೆ ಟ್ಯಾಂಗ್ ಕೂಡ ಅಷ್ಟೇ ಗಟ್ಟಿ ಆಗುತ್ತದೆ. ಅಂಥ ಚಾಕುವಿಗೆ ಭುಜದ ದುಂಡು ಇನ್ನೂ ಜಾಸ್ತಿ ಮುಖ್ಯ. ಕೆಲವರು ಚಿಕ್ಕ ಟ್ಯಾಂಗಿಗೆ ಸ್ಕ್ರೂ ಕಡ್ಡಿಯನ್ನು ವೆಲ್ಡ್ ಮಾಡಿ ಉದ್ದ ಮಾಡುತ್ತಾರೆ. ಹೊರಗಿಂದ ಅದೂ ಥ್ರೂ ಟ್ಯಾಂಗಿನ ಹಾಗೇ ಕಾಣುತ್ತದೆ. ಬೆಸುಗೆ ಕೆಟ್ಟದಾಗಿದ್ದರೆ ಅಲ್ಲೇ ಕಿತ್ತುಬರುತ್ತದೆ.

ಚಾಕುವನ್ನು ಯಾತಕ್ಕೆ ಬಳಸುತ್ತೀರಿ ಅನ್ನುವುದನ್ನು ಬಿಟ್ಟು ಈ ಚರ್ಚೆ ಮಾಡಿದರೆ ಅರ್ಥವಿಲ್ಲ. ಅಲಗಿನ ಬೆನ್ನಿಗೆ ಕೊರಡಿನಿಂದ ಬಡಿದು ಸೌದೆ ಸೀಳುತ್ತೀರಾ? ಹಲಗೆ ಮೀಟುತ್ತೀರಾ? ಹಾಗಾದರೆ ಫುಲ್ ಟ್ಯಾಂಗ್ ತೆಗೆದುಕೊಳ್ಳಿ, ಎರಡು ಮಾತಿಲ್ಲ. ಬೇಟೆಗಾರನ ನಿಜವಾದ ಕೆಲಸ ಬೇರೆ. ಹೊಟ್ಟೆ ಸೀಳುವುದು, ಚರ್ಮ ಸುಲಿಯುವುದು, ಕೀಲು ಬಿಡಿಸುವುದು. ಇದಕ್ಕೆಲ್ಲ ಬೇಕಾದ್ದು ಹರಿತ ಮತ್ತು ಬೆರಳಿನ ಹಿಡಿತ. ಬಲ ಬಹಳ ಕಮ್ಮಿ ಸಾಕು. ಮೂರು ನಾಲ್ಕು ಇಂಚಿನ ಅಲಗಿಗೆ ಚೆನ್ನಾಗಿ ಕೂರಿಸಿದ ಸಪೂರ ಟ್ಯಾಂಗ್ ಧಾರಾಳವಾಯಿತು.

ಬೇಟೆ ಚಾಕುವಿಗೆ ಫುಲ್ ಟ್ಯಾಂಗ್ ಎಂಬ ಮಾತಿಗೆ ಇಷ್ಟು ತೂಕ ಬರಲು ಬಾಬ್ ಲವ್‌ಲೆಸ್ ಕೂಡ ಒಂದು ಕಾರಣ ಅನಿಸುತ್ತದೆ. 1950ರ ದಶಕದಲ್ಲಿ ಈ ಅಮೆರಿಕನ್ ನಾವಿಕ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ರ‍್ಯಾಂಡಲ್ ಚಾಕು ಕೇಳಿದ. ತಿಂಗಳುಗಟ್ಟಲೆ ಕಾಯಬೇಕು ಅಂದರು. ಹಳೆಯ ಪ್ಯಾಕರ್ಡ್ ಕಾರಿನ ಸ್ಪ್ರಿಂಗ್ ಹುಡುಕಿ ತಾನೇ ಒಂದು ಚಾಕು ಮಾಡಿಕೊಂಡ. ಮುಂದೆ ಅವನ ಡ್ರಾಪ್ ಪಾಯಿಂಟ್ ಹಂಟರ್ ಜಗತ್ತಿನ ತುಂಬ ನಕಲಾಯಿತು. ಡ್ರಾಪ್ ಪಾಯಿಂಟ್ ಅಂದರೆ ಅಲಗಿನ ಬೆನ್ನು ಮೊನೆಯ ಕಡೆ ನಿಧಾನವಾಗಿ ಇಳಿಯುವುದು. ಮೊನೆ ತಗ್ಗಿರುವುದರಿಂದ ಹೊಟ್ಟೆ ಸೀಳುವಾಗ ಕರುಳಿಗೆ ಚುಚ್ಚಿ ಮಾಂಸ ಹಾಳಾಗುವ ಭಯ ಕಮ್ಮಿ.

ಲವ್‌ಲೆಸ್ ಚಾಕುವಿನ ಹಿಡಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಫುಲ್ ಟ್ಯಾಂಗಿನ ಒಂದು ತೊಂದರೆ ತೂಕ. ಹಿಡಿಯೇ ಭಾರವಾಗಿ ಚಾಕು ಹಿಂದಕ್ಕೆ ಜಗ್ಗುತ್ತದೆ. ಅದಕ್ಕೆ ಅವನು ಟ್ಯಾಂಗನ್ನು ಹಿಂದೆ ಹೋದಂತೆ ಎರಡೂ ಬದಿಯಿಂದ ತೆಳ್ಳಗೆ ಮಾಡುತ್ತಿದ್ದ. ಇದಕ್ಕೆ ಟೇಪರ್ಡ್ ಟ್ಯಾಂಗ್ ಅನ್ನುತ್ತಾರೆ. ಹೇಳಲು ಸುಲಭ. ಎರಡೂ ಬದಿ ಸಮನಾಗಿ, ಸೊಟ್ಟ ಆಗದಂತೆ ಉಜ್ಜಿ, ಅದಕ್ಕೆ ಸಂದಿಲ್ಲದಂತೆ ಹಲಗೆ ಕೂರಿಸುವುದಕ್ಕೆ ಕೈ ಪಳಗಿರಬೇಕು. ಅದಕ್ಕೇ ಅನುಭವಿ ಸಂಗ್ರಾಹಕರು ಚಾಕು ಕೈಗೆ ಬಂದ ಕೂಡಲೇ ಅಲಗು ನೋಡುವ ಮೊದಲು ಹಿಡಿಯ ಬೆನ್ನಿನ ಉಕ್ಕಿನ ಗೆರೆ ನೋಡುತ್ತಾರೆ. ಗೆರೆ ನೇರವಾಗಿ ಸಣ್ಣಗಾಗುತ್ತಾ ಹೋಗಿದ್ದರೆ ಮಾಡಿದವನಿಗೆ ಕೆಲಸ ಗೊತ್ತು. ಕಾರ್ಖಾನೆಗಳು ಟ್ಯಾಂಗಿನಲ್ಲಿ ದೊಡ್ಡ ತೂತುಗಳನ್ನು ಕೊರೆದು ತೂಕ ಇಳಿಸುತ್ತವೆ. ಕೆಲಸ ಆಗುತ್ತದೆ, ಅಂದ ಇಲ್ಲ. ಹೇಗೂ ಕಾಣುವುದಿಲ್ಲವಲ್ಲ!

ಟ್ಯಾಂಗಿಗೆ ಎಷ್ಟು ಬೆಲೆ ಇರಬಹುದು ಅಂತ ತಿಳಿಯಬೇಕಾದರೆ ಜಪಾನಿನ ಖಡ್ಗಗಳ ಕಡೆ ತಿರುಗಬೇಕು. ಅಲ್ಲಿ ಟ್ಯಾಂಗಿಗೆ ನಕಾಗೋ ಎಂದು ಹೆಸರು. ಹಿಡಿಗೂ ಅದಕ್ಕೂ ಸಾಮಾನ್ಯವಾಗಿ ಒಂದೇ ಒಂದು ಬಿದಿರಿನ ಗೂಟ. ಗೂಟ ತೆಗೆದರೆ ಹಿಡಿ ಕಳಚಿ ಬರುತ್ತದೆ. ಕಮ್ಮಾರ ತನ್ನ ಹೆಸರು ಕೊರೆಯುವುದು ಟ್ಯಾಂಗಿನ ಮೇಲೆ. ಅದರ ಮೇಲಿನ ಕಪ್ಪು ತುಕ್ಕನ್ನು ಯಾರೂ ಉಜ್ಜುವುದಿಲ್ಲ. ತುಕ್ಕಿನ ಬಣ್ಣ ನೋಡಿ ಖಡ್ಗದ ವಯಸ್ಸು ಅಂದಾಜು ಮಾಡುತ್ತಾರೆ. ಉತ್ಸಾಹದಲ್ಲಿ ಅದನ್ನು ಫಳಫಳ ಹೊಳೆಸಿದರೆ ಬೆಲೆ ಬಿದ್ದುಹೋಗುತ್ತದೆ.

ಬೇಟೆ ಚಾಕುವಿನ ಟ್ಯಾಂಗನ್ನು ಹೀಗೆ ಬಿಚ್ಚಿ ನೋಡಲಾಗದು. ಹೊರಗಿನ ಗುರುತುಗಳಿಂದಲೇ ಊಹಿಸಬೇಕು. ಸಣ್ಣ ಜೋರಿನ ಅಯಸ್ಕಾಂತ ಇದ್ದರೆ ಒಳ್ಳೆಯದು. ಅದನ್ನು ಹಿಡಿಯ ಉದ್ದಕ್ಕೂ ಮೆಲ್ಲಗೆ ಆಡಿಸಿದರೆ ಒಳಗಿನ ಉಕ್ಕು ಎಲ್ಲಿಯವರೆಗೆ ಹೋಗಿದೆ ಅಂತ ಸುಮಾರಾಗಿ ಗೊತ್ತಾಗುತ್ತದೆ. ಹಿಡಿಯ ಹಿಂಬದಿಯ ಟೋಪಿ ಉಕ್ಕಿನದಾದರೆ ಮಾತ್ರ ಲೆಕ್ಕ ತಪ್ಪುತ್ತದೆ. ಬಡಿದು ಚಪ್ಪಟೆ ಮಾಡಿದ ತುದಿಯ ಸುತ್ತ ಹೊಸ ಗೀರು ಇದ್ದರೆ, ಪಿನ್‌ಗಳ ಬಣ್ಣ ಒಂದಕ್ಕೊಂದು ಹೊಂದದಿದ್ದರೆ ಯಾರೋ ಹಿಡಿ ಬದಲಿಸಿದ್ದಾರೆ. ಮಾರುವವರು ಅದನ್ನು ಹೇಳಬೇಕಿತ್ತು. ಚರ್ಮದ ಬಿಲ್ಲೆಗಳು ಒಣಗಿ ಕುಗ್ಗಿ ತಿರುಗುತ್ತಿದ್ದರೆ ಅದು ವಯಸ್ಸಿನ ಲಕ್ಷಣ, ಮೋಸ ಅಲ್ಲ.

ಕೊಂಬಿನ ಹಿಡಿಯ ಬಗ್ಗೆ ಒಂದು ಮಾತು. ಜರ್ಮನಿಯ ಸೋಲಿಂಗೆನ್ ಮತ್ತು ಇಂಗ್ಲೆಂಡಿನ ಶೆಫೀಲ್ಡ್‌ನ ಹಳೆಯ ಚಾಕುಗಳಲ್ಲಿ ಕಾಣುವ ಗಟ್ಟಿ, ಉಬ್ಬುತಗ್ಗಿನ ಕೊಂಬು ಎಷ್ಟೋ ಸಲ ಭಾರತದ ಕಡವೆಯದು. 1990ರ ದಶಕದ ಕೊನೆಯಲ್ಲಿ ಭಾರತ ಅದರ ರಫ್ತು ನಿಲ್ಲಿಸಿತು. ಆಮೇಲೆ ಹಳೆಯ ಕಡವೆ ಕೊಂಬಿನ ಹಿಡಿಗಳಿಗೆ ಬೇಡಿಕೆ ಏರಿತು. ಕೊಳ್ಳುವ ಮೊದಲು ನಿಮ್ಮಲ್ಲಿನ ಕಾನೂನು ನೋಡಿಕೊಳ್ಳಿ, ಕೊಂಬಿನದೂ ಅಲಗಿನ ಉದ್ದದ್ದೂ.

ಟ್ಯಾಂಗಿನ ನಿಜವಾದ ಶತ್ರು ನೀರು. ಹಿಡಿಯ ಮುಂಭಾಗದ ಸಂದಿನಿಂದ ರಕ್ತ, ನೀರು ಒಳಗೆ ಇಳಿದರೆ ತುಕ್ಕು ಅಲ್ಲೇ ಕುಳಿತು ಬೆಳೆಯುತ್ತದೆ. ತುಕ್ಕು ಉಕ್ಕಿಗಿಂತ ಜಾಸ್ತಿ ಜಾಗ ತಿನ್ನುತ್ತದೆ. ಹಾಗಾಗಿ ಹಲಗೆಯನ್ನೇ ಮೇಲೆತ್ತುತ್ತದೆ, ಕೊಂಬನ್ನು ಸೀಳುತ್ತದೆ. ಸ್ಟೇನ್‌ಲೆಸ್ ಆದರೆ ಭಯ ಕಮ್ಮಿ, ಪೂರ್ತಿ ಇಲ್ಲ ಅಂತಲ್ಲ. ಚಾಕುವನ್ನು ನೀರಲ್ಲಿ ನೆನೆಹಾಕಬೇಡಿ. ಒರೆಸಿ, ಒಣಗಿಸಿ, ಸಂದಿಗೆ ಸ್ವಲ್ಪ ಮೇಣ ತುಂಬಿ. ವರ್ಷಗಟ್ಟಲೆ ಇಡುವುದಾದರೆ ಚರ್ಮದ ಒರೆಯಿಂದ ಹೊರಗೆ ತೆಗೆದಿಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹಿತ್ತಾಳೆಯ ಮೇಲೆ ಹಸಿರು ಕಿಲುಬು ಏಳುತ್ತದೆ. ಹಳೆಯ ಸೆಲ್ಯುಲಾಯ್ಡ್ ಹಿಡಿಯ ಚಾಕು ಇದ್ದರೆ ಬೇರೆಯೇ ಜಾಗ ಕೊಡಿ. ಸೆಲ್ಯುಲಾಯ್ಡ್ ಹಳತಾದಂತೆ ಆಮ್ಲದ ಹಬೆ ಬಿಡುತ್ತದೆ. ಮೊದಲು ತನ್ನದೇ ಟ್ಯಾಂಗನ್ನು, ಆಮೇಲೆ ಅದೇ ಡ್ರಾಯರಿನಲ್ಲಿರುವ ಉಳಿದ ಚಾಕುಗಳನ್ನೂ ತುಕ್ಕು ಹಿಡಿಸುತ್ತದೆ.