ಸೋತ ಅಧ್ಯಕ್ಷ ಮತ್ತೆ ಗೆದ್ದದ್ದು ಟ್ರಂಪ್ ಒಬ್ಬರೇನಾ?

ಪ್ರಶ್ನೆ: ಟ್ರಂಪ್ 2020ರಲ್ಲಿ ಸೋತರು, ನಾಲ್ಕು ವರ್ಷ ಬಿಟ್ಟು ಮತ್ತೆ ಗೆದ್ದರು. ಅಮೆರಿಕದಲ್ಲಿ ಹಿಂದೆ ಯಾವಾಗಲಾದರೂ ಹೀಗಾಗಿತ್ತಾ?

ಉತ್ತರ: ಆಗಿತ್ತು, ಒಂದೇ ಒಂದು ಸಲ. ಡೆಮಾಕ್ರಟಿಕ್ ಪಕ್ಷದ ಗ್ರೋವರ್ ಕ್ಲೀವ್‌ಲ್ಯಾಂಡ್ 1884ರಲ್ಲಿ ಗೆದ್ದರು. 1888ರಲ್ಲಿ ರಿಪಬ್ಲಿಕನ್ ಪಕ್ಷದ ಬೆಂಜಮಿನ್ ಹ್ಯಾರಿಸನ್ ಎದುರು ಸೋತರು. 1892ರಲ್ಲಿ ಅದೇ ಹ್ಯಾರಿಸನ್‌ರನ್ನು ಸೋಲಿಸಿ ವಾಪಸ್ ಬಂದರು. ಅದಕ್ಕೇ ಅಧ್ಯಕ್ಷರ ಪಟ್ಟಿಯಲ್ಲಿ ಅವರಿಗೆ 22 ಮತ್ತು 24, ಎರಡು ನಂಬರ್. ಟ್ರಂಪ್‌ಗೆ 45 ಮತ್ತು 47. ಅವತ್ತು ಹ್ಯಾರಿಸನ್, 2024ರಲ್ಲಿ ಎದುರಾಳಿ ಹ್ಯಾರಿಸ್. ಇದು ಸುಮ್ನೆ ಕಾಕತಾಳೀಯ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

1888ರ ಸೋಲು ಮಾತ್ರ ವಿಚಿತ್ರ. ದೇಶದ ಒಟ್ಟು ಮತ ಎಣಿಸಿದರೆ ಕ್ಲೀವ್‌ಲ್ಯಾಂಡ್‌ಗೇ ಸುಮಾರು 90 ಸಾವಿರ ಹೆಚ್ಚು. ಆದರೆ ಅಲ್ಲಿ ಲೆಕ್ಕ ನಡೆಯುವುದು ರಾಜ್ಯವಾರು. ಒಂದು ರಾಜ್ಯದಲ್ಲಿ ಒಂದೇ ಮತದಿಂದ ಮುಂದಿದ್ದರೂ ಸಾಮಾನ್ಯವಾಗಿ ಆ ರಾಜ್ಯದ ಎಲೆಕ್ಟೊರಲ್ ಮತಗಳೆಲ್ಲ (ರಾಜ್ಯಕ್ಕಿಷ್ಟು ಎಂದು ಹಂಚಿರುವ, ಅಧ್ಯಕ್ಷರನ್ನು ಕೊನೆಗೆ ಆರಿಸುವ ಮತಗಳು) ನಿಮ್ಮವು. ಕ್ಲೀವ್‌ಲ್ಯಾಂಡ್ ಗವರ್ನರ್ ಆಗಿದ್ದ ನ್ಯೂಯಾರ್ಕೇ ಅವರಿಗೆ ಕೈಕೊಟ್ಟಿತು. ಅಲ್ಲಿನ 36 ಮತ ಹೋಗಿ, 233–168ರಲ್ಲಿ ಸೋತರು. ಅದೊಂದು ರಾಜ್ಯ ಉಳಿದಿದ್ದರೆ ಅವರೇ ಅಧ್ಯಕ್ಷ! 2016ರಲ್ಲಿ ಟ್ರಂಪ್‌ಗೆ ಇದೇ ಲೆಕ್ಕ ವರವಾಯಿತು. ಹಿಲರಿ ಕ್ಲಿಂಟನ್‌ಗಿಂತ 28 ಲಕ್ಷಕ್ಕೂ ಹೆಚ್ಚು ಮತ ಕಡಿಮೆ ಬಿದ್ದರೂ ಗೆದ್ದರು.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸುವುದು ಆಮದು ಸುಂಕದ ಕಥೆ. ಕ್ಲೀವ್‌ಲ್ಯಾಂಡ್ ಸುಂಕ ಇಳಿಸಬೇಕು ಎನ್ನುತ್ತಿದ್ದವರು. ಹ್ಯಾರಿಸನ್ ಕಾಲದಲ್ಲಿ, 1890ರಲ್ಲಿ, ರಿಪಬ್ಲಿಕನ್ ಸಂಸದ ವಿಲಿಯಂ ಮೆಕಿನ್ಲಿ ಹೆಸರಿನ ಕಾಯ್ದೆ ಬಂದು ಸರಾಸರಿ ಸುಂಕ ಶೇ 50ರ ಹತ್ತಿರ ಹೋಯಿತು. ಸಾಮಾನುಗಳ ಬೆಲೆ ಏರುತ್ತದೆ ಎಂದು ಜನ ಸಿಟ್ಟಾದರು. ಮುಂದಿನ ತಿಂಗಳೇ ನಡೆದ ಸಂಸತ್ ಚುನಾವಣೆಯಲ್ಲಿ ರಿಪಬ್ಲಿಕನ್ನರು ನೆಲಕಚ್ಚಿದರು, ಮೆಕಿನ್ಲಿ ಕೂಡ ಸೀಟು ಕಳೆದುಕೊಂಡರು. ಎರಡು ವರ್ಷದ ನಂತರ ಕ್ಲೀವ್‌ಲ್ಯಾಂಡ್ ಬಂದರು. 2024ರಲ್ಲೂ ಬೆಲೆ ಏರಿಕೆಯ ಸಿಟ್ಟು ಅಧಿಕಾರದಲ್ಲಿದ್ದ ಪಕ್ಷಕ್ಕೇ ತಟ್ಟಿತು. ಆದರೆ ಗೆದ್ದವರ ಮಾತು ಪೂರ್ತಿ ಉಲ್ಟಾ. ಟ್ರಂಪ್ ಸುಂಕ ಏರಿಸುತ್ತೇನೆ ಎಂದೇ ಮತ ಕೇಳಿದರು, ಅವರ ಮೆಚ್ಚಿನ ಹಳೆಯ ನಾಯಕ ಅದೇ ಮೆಕಿನ್ಲಿ. ಹಾಗಾಗಿ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡುವಾಗ ಸ್ವಲ್ಪ ಹುಷಾರು. ಇನ್ನೊಂದು ವ್ಯತ್ಯಾಸವೂ ಇದೆ. ಕ್ಲೀವ್‌ಲ್ಯಾಂಡ್‌ಗೆ ಮೂರೂ ಸಲ ಎದುರಾಳಿಗಿಂತ ಹೆಚ್ಚು ಮತ ಬಿದ್ದಿತ್ತು. ಟ್ರಂಪ್‌ಗೆ ಹಾಗಾದದ್ದು 2024ರಲ್ಲಿ ಮಾತ್ರ.

ಸೋತಾಗ ನಡೆದುಕೊಂಡ ರೀತಿಯೂ ಬೇರೆ ಬೇರೆ, ಅಲ್ವಾ? 1889ರ ಮಾರ್ಚ್ 4ರಂದು ಹ್ಯಾರಿಸನ್ ಪ್ರಮಾಣವಚನ ತೆಗೆದುಕೊಳ್ಳುವಾಗ ಮಳೆ. ಅವರ ತಲೆಯ ಮೇಲೆ ಕೊಡೆ ಹಿಡಿದು ನಿಂತವರು ಸೋತ ಕ್ಲೀವ್‌ಲ್ಯಾಂಡ್. ಅವರ ಹೆಂಡತಿ ಫ್ರಾನ್ಸಿಸ್ ಶ್ವೇತಭವನ ಬಿಡುವಾಗ, ಪೀಠೋಪಕರಣ ಜೋಪಾನ, ನಾಲ್ಕು ವರ್ಷಕ್ಕೆ ವಾಪಸ್ ಬರುತ್ತೇವೆ ಎಂದು ಕೆಲಸದವರಿಗೆ ಹೇಳಿದ್ದರಂತೆ. 2021ರ ಜನವರಿ 20ರಂದು ಬೈಡನ್ ಪ್ರಮಾಣವಚನಕ್ಕೆ ಟ್ರಂಪ್ ಬರಲೇ ಇಲ್ಲ. ಅವತ್ತು ಬೆಳಿಗ್ಗೆಯೇ ಫ್ಲಾರಿಡಾಗೆ ಹೊರಟಿದ್ದರು. ಹೊರಡುವ ಮುಂಚೆ ಅವರೂ ಹೇಳಿದ್ದು, ಒಂದಲ್ಲ ಒಂದು ರೀತಿ ವಾಪಸ್ ಬರುತ್ತೇವೆ ಎಂದೇ.