ಬೆಳೆಸಿದವರ ಪಾಲು ಎಲ್ಲಿ ಹೋಯಿತು?

ಚಿಕ್ಕಮಗಳೂರಿನಂಥ ಊರಲ್ಲಿ ಹುಡುಗನೊಬ್ಬ ಫುಟ್‌ಬಾಲ್ ಕಲಿಯುವ ಖರ್ಚನ್ನು ಹೊರುವವರು ಯಾರು? ಅಪ್ಪ-ಅಮ್ಮ, ಸಂಜೆ ಮನೆಗೆ ಹೋಗದೆ ಮೈದಾನದಲ್ಲಿ ನಿಲ್ಲುವ ಪಿಟಿ ಮೇಷ್ಟ್ರು, ಟೂರ್ನಿ ಬಂದಾಗ ಕೈ ಬಿಚ್ಚುವ ಒಬ್ಬಿಬ್ಬರು ಪ್ಲಾಂಟರುಗಳು. ಬೂಟು, ಬಸ್ ಚಾರ್ಜು, ಮಳೆಗಾಲ ಪೂರ್ತಿ ಒಣಗದ ಜೆರ್ಸಿ ಎಲ್ಲ ಇವರ ಲೆಕ್ಕವೇ. ಹುಡುಗ ಚೆನ್ನಾಗಿ ಆಡಿದರೆ ಬೆಂಗಳೂರಿಗೆ ಹೋಗುತ್ತಾನೆ. ಆಮೇಲೆ ಅವನ ಬೆಲೆ ಎಷ್ಟೇ ಏರಲಿ, ಊರಿಗೆ ಅದರಲ್ಲಿ ಬಿಡಿಗಾಸೂ ಬರುವುದಿಲ್ಲ. ಬೆಳೆಸಿದವರಿಗೆ ಪಾಲು ಸಲ್ಲಬೇಕು ಎಂಬ ಅಂತರರಾಷ್ಟ್ರೀಯ ನಿಯಮವಂತೂ 2001ರಿಂದಲೇ ಇದೆ.

ಅದಕ್ಕೂ ಮೊದಲು ಅಂಥ ನಿಯಮದ ಅಗತ್ಯವೇ ಇರಲಿಲ್ಲ. ಇಂಗ್ಲೆಂಡಿನ ಲೀಗ್‌ನಲ್ಲಿ 1893ರಿಂದ ಆಟಗಾರನ ನೋಂದಣಿ ಕ್ಲಬ್ಬಿನ ಮುಷ್ಟಿಯಲ್ಲಿತ್ತು. ಒಪ್ಪಂದ ಮುಗಿದರೂ ಕ್ಲಬ್ಬು ಬಿಟ್ಟುಕೊಡದೆ ಆತ ಬೇರೆಡೆ ಆಡುವಂತಿರಲಿಲ್ಲ. ಆಟಗಾರನ ಪಾಲಿಗೆ ಇದು ಹೆಚ್ಚೂಕಡಿಮೆ ಜೀತ, ಹುಡುಗರನ್ನು ಬೆಳೆಸುವ ಕ್ಲಬ್ಬಿಗೆ ಮಾತ್ರ ಹಾಕಿದ ದುಡ್ಡಿಗೆ ಖಾತರಿ. 1963ರಲ್ಲಿ ಆಟಗಾರ ಜಾರ್ಜ್ ಈಸ್ಟ್‌ಹ್ಯಾಮ್ ನ್ಯೂಕ್ಯಾಸಲ್ ಕ್ಲಬ್ಬಿನ ವಿರುದ್ಧ ಮೊಕದ್ದಮೆ ಗೆದ್ದಾಗ ಹಿಡಿತ ಸಡಿಲವಾಯಿತು, ಹೊಸ ಕ್ಲಬ್ಬು ಹಳೆಯ ಕ್ಲಬ್ಬಿಗೆ ಕೊಡುವ ವರ್ಗಾವಣೆ ಶುಲ್ಕ ಮಾತ್ರ ಹೋಗಲಿಲ್ಲ.

ಅದಕ್ಕೆ ಕೊಡಲಿಯೇಟು ಬಿದ್ದದ್ದು 1995ರ ಡಿಸೆಂಬರ್ 15ರಂದು. ಬೆಲ್ಜಿಯಂನ ಲೀಜ್ ಕ್ಲಬ್ಬಿನ ಜೊತೆ ಒಪ್ಪಂದ ಮುಗಿದ ಮೇಲೆ ಜಾನ್-ಮಾರ್ಕ್ ಬೋಸ್ಮನ್ ಎಂಬ ಆಟಗಾರ ಫ್ರಾನ್ಸಿನ ಡಂಕರ್ಕ್ ಕ್ಲಬ್ಬಿಗೆ ಹೋಗಲು ಹೊರಟಿದ್ದ. ಶುಲ್ಕದ ತಕರಾರಿನಲ್ಲಿ ಅದು ಮುರಿದುಬಿತ್ತು. ಒಪ್ಪಂದ ಮುಗಿದವನಿಗೆ ಬೆಲೆ ಕಟ್ಟುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ ಹೇಳಿತು. ಕ್ಲಬ್ಬುಗಳು ಮುಂದಿಟ್ಟಿದ್ದ ವಾದ ‘ಶುಲ್ಕ ಇಲ್ಲದಿದ್ದರೆ ಹುಡುಗರನ್ನು ಬೆಳೆಸುವವರು ಯಾರು’ ಎಂಬುದೇ ಆಗಿತ್ತು. ನ್ಯಾಯಾಲಯ ಅದನ್ನು ತಳ್ಳಿಹಾಕಲಿಲ್ಲ. ಉದ್ದೇಶ ಸರಿ, ದಾರಿ ಸರಿಯಿಲ್ಲ ಎಂದಿತು: ಯಾವ ಹುಡುಗ ಮುಂದೆ ಏನಾಗುತ್ತಾನೆಂದು ಮೊದಲೇ ಹೇಳಲಾಗದು, ಎಂದೋ ಸಿಗಬಹುದಾದ ಶುಲ್ಕಕ್ಕೂ ಬೆಳೆಸಲು ಆದ ಖರ್ಚಿಗೂ ಸಂಬಂಧವಿಲ್ಲ.

ತೀರ್ಪಿನ ಬಿಸಿ ಮೊದಲು ತಟ್ಟಿದ್ದು ಆಯಾಕ್ಸ್‌ಗೆ. ಆಮ್‌ಸ್ಟರ್‌ಡ್ಯಾಮಿನ ಈ ಕ್ಲಬ್ಬು 1995ರ ಮೇ ತಿಂಗಳಲ್ಲಿ ಇಟಲಿಯ ಮಿಲಾನ್ ತಂಡವನ್ನು 1–0ರಿಂದ ಸೋಲಿಸಿ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಗೆದ್ದಿತ್ತು. ಗೋಲು ಹೊಡೆದವನು ಅದರ ಅಂಗಳದಲ್ಲೇ ಬೆಳೆದ, ಹದಿನೆಂಟರ ಪ್ಯಾಟ್ರಿಕ್ ಕ್ಲೈವರ್ಟ್. ಮರುವರ್ಷ ಎಡ್ಗರ್ ಡೇವಿಡ್ಸ್ ಮತ್ತು ಮೈಕೆಲ್ ರೈಜಿಗರ್ ಶುಲ್ಕವೇ ಇಲ್ಲದೆ ಮಿಲಾನ್ ಸೇರಿದರು. 1997ರಲ್ಲಿ ಕ್ಲೈವರ್ಟ್ ಕೂಡ. ಸೋತ ಕ್ಲಬ್ಬು ಗೆದ್ದವರನ್ನೇ ಪುಕ್ಕಟೆ ಕರೆದುಕೊಂಡು ಹೋಯಿತು.

ಈ ಗಾಯಕ್ಕೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ 2001ರಲ್ಲಿ ಹಚ್ಚಿದ ಮುಲಾಮು ಎರಡು ಬಗೆಯದು. ಒಂದು ತರಬೇತಿ ಪರಿಹಾರ: ಯುವಕ ಬೇರೆ ದೇಶದ ಕ್ಲಬ್ಬಿನಲ್ಲಿ ಮೊದಲ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದರೆ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಣ ಕೊಡಬೇಕು, ಇಪ್ಪತ್ತಮೂರರ ಒಳಗಿನ ವರ್ಗಾವಣೆಗೂ ಹಾಗೆಯೇ. ಇನ್ನೊಂದು ಸಾಲಿಡಾರಿಟಿ ಪಾಲು. ಆಟಗಾರ ದೇಶದಾಚೆಗೆ ಮಾರಾಟವಾದಾಗಲೆಲ್ಲ ಶುಲ್ಕದ 5 ಪ್ರತಿಶತವನ್ನು ತೆಗೆದಿಟ್ಟು, ಅವನು 12ರಿಂದ 23ರ ವಯಸ್ಸಿನವರೆಗೆ ಆಡಿದ ಕ್ಲಬ್ಬುಗಳಿಗೆ ಹಂಚಬೇಕು. ಹನ್ನೆರಡರಿಂದ ಹದಿನೈದರ ತನಕ ವರ್ಷಕ್ಕೆ ಶುಲ್ಕದ ಕಾಲು ಪ್ರತಿಶತ, ಆಮೇಲೆ ಅರ್ಧ. ಸಣ್ಣದೆನಿಸುತ್ತದೆ. ಆದರೆ 10 ಕೋಟಿ ರೂಪಾಯಿಯ ವರ್ಗಾವಣೆಯಲ್ಲಿ ಆ ಮೊದಲ ನಾಲ್ಕು ವರ್ಷ ನೋಡಿಕೊಂಡ ಕ್ಲಬ್ಬಿಗೆ 10 ಲಕ್ಷ ಬರುತ್ತದೆ. ಜಿಲ್ಲಾ ಕೇಂದ್ರದ ಕ್ಲಬ್ಬೊಂದರ ಬೂಟು, ಬಸ್ ಚಾರ್ಜುಗಳ ಚಿಂತೆ ಎಷ್ಟೋ ವರ್ಷ ನೀಗುತ್ತದೆ.

ಇಡೀ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇಷ್ಟೊಂದು ಹೆಸರು ಮಾಡದ ಇನ್ನೊಂದು ತೀರ್ಪು. ಒಲಿವಿಯೆ ಬರ್ನಾರ್ ಎಂಬ ಹುಡುಗನನ್ನು ಫ್ರಾನ್ಸಿನ ಲಿಯೋನ್ ಕ್ಲಬ್ಬು ಮೂರು ವರ್ಷ ತರಬೇತು ಮಾಡಿತ್ತು. 2000ದಲ್ಲಿ ಅದು ಕೊಟ್ಟ ಒಪ್ಪಂದವನ್ನು ಬಿಟ್ಟು ಆತ ನ್ಯೂಕ್ಯಾಸಲ್‌ಗೆ ಹೋದ. ಲಿಯೋನ್ ಕೋರ್ಟಿಗೆ ಹೋಯಿತು. 2010ರ ಮಾರ್ಚ್‌ನಲ್ಲಿ ಅದೇ ಯುರೋಪಿನ ನ್ಯಾಯಾಲಯ ಹೇಳಿದ್ದು: ಬೆಳೆಸಿದ ಕ್ಲಬ್ಬು ಪರಿಹಾರ ಕೇಳಬಹುದು, ಆದರೆ ಅದು ನಿಜವಾದ ಖರ್ಚಿಗೆ ತಕ್ಕಂತಿರಬೇಕು, ಮತ್ತು ಆ ಖರ್ಚಿನಲ್ಲಿ ವೃತ್ತಿಪರ ಆಟಗಾರರಾಗದೇ ಉಳಿದ ಹುಡುಗರದ್ದೂ ಸೇರುತ್ತದೆ. ಒಬ್ಬ ಗೆದ್ದವನ ಹಿಂದೆ ಊಟ, ಹಾಸ್ಟೆಲ್, ಕೋಚ್ ಎಲ್ಲವನ್ನೂ ಪಡೆದು ಅರ್ಧದಲ್ಲೇ ಹೊರಬಿದ್ದವರ ಸಾಲೇ ಇರುತ್ತದೆ. ಆ ಸಾಲಿಗೂ ಬೆಲೆಯಿದೆ ಎಂದು ಕಾನೂನು ಒಪ್ಪಿದ್ದು ಸಣ್ಣ ಮಾತಲ್ಲ.

ನಿಯಮ ಬಂದಮೇಲೆ ಎಲ್ಲ ಸರಿಹೋಯಿತೇ? ಇಲ್ಲ. ಇಂಗ್ಲೆಂಡ್ 2012ರಲ್ಲಿ ಅಕಾಡೆಮಿ ಹುಡುಗರಿಗೆ ನಿಗದಿತ ದರಪಟ್ಟಿ ತಂದಿತು, ಸಣ್ಣ ಕ್ಲಬ್ಬುಗಳ ಹುಡುಗರು ಅಗ್ಗವಾದರು. ಬೇಸತ್ತ ಬ್ರೆಂಟ್‌ಫರ್ಡ್ ಕ್ಲಬ್ಬು 2016ರಲ್ಲಿ ಅಕಾಡೆಮಿಗೇ ಬೀಗ ಹಾಕಿತು. ದೊಡ್ಡವರ ಕಥೆ ಬೇರೆ. ಲೆಕ್ಕಪತ್ರದಲ್ಲಿ ಕೊಂಡ ಆಟಗಾರನ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಖರ್ಚು ತೋರಿಸಬೇಕು, ಮನೆಯಲ್ಲೇ ಬೆಳೆದವನಿಗೆ ಕೊಂಡ ಬೆಲೆಯೇ ಇಲ್ಲ. ಹಾಗಾಗಿ ಅವನನ್ನು ಮಾರಿದ ಹಣವೆಲ್ಲ ಲಾಭ. ಆರನೇ ವಯಸ್ಸಿನಿಂದ ಚೆಲ್ಸಿಯಲ್ಲಿದ್ದ ಮೇಸನ್ ಮೌಂಟ್ 2023ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದದ್ದರ ಹಿಂದೆ ಈ ಗಣಿತವೂ ಇತ್ತು. ಬೆಳೆಸಿದ್ದಕ್ಕೆ ಬೆಲೆ ಸಿಗಲಿ ಎಂಬ ಹೋರಾಟ, ಬೆಳೆಸಿದವನನ್ನೇ ಮೊದಲು ಮಾರುವುದು ಜಾಣತನ ಎಂಬಲ್ಲಿಗೆ ಬಂದು ನಿಂತಿದೆ.

ನಮ್ಮಲ್ಲಿ ಈ ಪ್ರಶ್ನೆ ತಡವಾಗಿ ಎದ್ದಿತು. 1937ರಲ್ಲಿ ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದ ಕಾಲದಿಂದಲೂ ಬೆಂಗಳೂರು ಆಟಗಾರರನ್ನು ಹೆರುವ ಊರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಇಲ್ಲಿನವರು. ಅಹ್ಮದ್ ಖಾನ್, ಧನರಾಜ್ ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಹೋಗಿ ದಂತಕಥೆಯಾದರು. 1968–69ರ ನಂತರ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಮತ್ತೆ ನಮಗೆ ಸಿಕ್ಕಿದ್ದು 2023ರಲ್ಲಿ, ಅದೂ ರಿಯಾದ್‌ನಲ್ಲಿ. ನಡುವೆ ಎಚ್‌ಎಎಲ್, ಐಟಿಐ ತಂಡಗಳು ನೌಕರಿ ಕೊಟ್ಟು ಆಟಗಾರರನ್ನು ಸಾಕಿದವು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಬಳ್ಳಾರಿ ಸೀಮೆಯಲ್ಲಿ ವಸತಿ ಅಕಾಡೆಮಿ ಕಟ್ಟಿತು. 2025ರ ಆಗಸ್ಟ್‌ನಲ್ಲಿ ದೇಶದ ಪ್ರಮುಖ ಲೀಗ್ ಐಎಸ್‌ಎಲ್ ಅತಂತ್ರವಾಗಿ ಮೊದಲ ತಂಡದ ಸಂಬಳ ನಿಲ್ಲಿಸಿದಾಗಲೂ ಯುವ ತಂಡಗಳಿಗೆ ತೊಂದರೆಯಾಗದು ಎಂದು ಅದು ಘೋಷಿಸಿತು. ಹುಡುಗರಲ್ಲಿ ಹಾಕಿದ ಹಣವನ್ನು ಕೊನೆಯ ತನಕ ಉಳಿಸಿಕೊಳ್ಳಬೇಕೆಂದು ಆ ಕ್ಲಬ್ಬಿಗೆ ಅನಿಸಿದೆ.

ಚಿಕ್ಕಮಗಳೂರಿಗೆ ಬಂದರೆ ತೊಡಕು ಹಣದ್ದಲ್ಲ, ಕಾಗದದ್ದು. ಫಿಫಾದ ಪಾಲು ಸಿಗುವುದು ಆಟಗಾರನ ಪಾಸ್‌ಪೋರ್ಟಿನಲ್ಲಿ ಹೆಸರಿರುವ ಕ್ಲಬ್ಬಿಗೆ. ಇದು ವೀಸಾ ಪಾಸ್‌ಪೋರ್ಟ್ ಅಲ್ಲ, ಯಾವ ಸೀಸನ್ನಿನಲ್ಲಿ ಯಾವ ಕ್ಲಬ್ಬಿನಲ್ಲಿದ್ದ ಎಂಬ ಪಟ್ಟಿ. ಕ್ಲಬ್ಬಿಗೆ ಫುಟ್‌ಬಾಲ್ ಸಂಸ್ಥೆಗಳ ಮಾನ್ಯತೆ ಇದ್ದು, ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಕೇಂದ್ರ ನೋಂದಣಿಯಲ್ಲಿ ಹುಡುಗನ ಹೆಸರು ದಾಖಲಾಗಿರಬೇಕು. ನೇತಾಜಿ ಮೈದಾನದಲ್ಲಿ ಹತ್ತು ವರ್ಷ ಬೆವರು ಹರಿಸಿದರೂ ಶಾಲೆಯ ಹೆಸರಲ್ಲೋ ಗೆಳೆಯರ ಬಳಗದ ಹೆಸರಲ್ಲೋ ಆಡಿದ ವರ್ಷಗಳು ಆ ಪಟ್ಟಿಯಲ್ಲಿ ಖಾಲಿ. ಬೆಳೆಸಿದ ಕ್ಲಬ್ಬು ಯಾವುದೆಂದು ಸಾಬೀತಾಗದಿದ್ದರೆ ಆ ಹಣ ದೇಶದ ಫುಟ್‌ಬಾಲ್ ಸಂಸ್ಥೆಗೆ ಹೋಗಬಹುದು. ಮಗ ಹನ್ನೆರಡು ತುಂಬಿದ ವರ್ಷವೇ ಯಾವ ಕ್ಲಬ್ಬಿನಡಿ ನೋಂದಣಿಯಾಗಿದ್ದಾನೆ ಎಂದು ತಂದೆತಾಯಿ ಕೋಚ್‌ಗಳನ್ನು ಕೇಳಬೇಕು. ಸೀಸನ್ ಮುಗಿದ ಮೇಲೆ ಅದನ್ನು ಹಿಂದಿನ ತಾರೀಕು ಹಾಕಿ ಬರೆಸಲು ಬರುವುದಿಲ್ಲ.